ನಿನ್ನ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ವಿಷಯ, ಮಗಳೇ

ಮಗಳೇ,

ಫೋನಿನಲ್ಲಿ ಹೇಳೋಣ ಅಂದ್ರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬುಧವಾರ ಕೌಲ್‌ಬಜಾರಿನಲ್ಲಿ ಬೈಬಲ್ ಸ್ಟಡಿ ಇತ್ತು. ಪೌಲ ಕೊರಿಂಥದ ಕ್ರೈಸ್ತ ಸಭೆಗೆ ಬರೆದ ಒಂದನೇ ಪತ್ರ, ಮೊದಲ ಅಧ್ಯಾಯ. ಓದುವುದು ನನ್ನ ಪಾಲಿಗೆ ಬಂತು. ಕೊರಿಂಥದ ಸಭೆಯವರು ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು ಅಂತ ಒಬ್ಬೊಬ್ಬ ಬೋಧಕನ ಹೆಸರಲ್ಲಿ ಪಂಗಡ ಕಟ್ಟಿಕೊಂಡಿದ್ದನ್ನು ಖ್ಲೋಯೆಯ ಮನೆಯವರು ಪೌಲನಿಗೆ ತಿಳಿಸಿದ್ದಾರೆ. ಕೊನೆಗೆ ಇನ್ನೊಬ್ಬರು, ನಾನು ಕ್ರಿಸ್ತನವನು. ಇವರೇ ಸರಿ ಅಲ್ವಾ ಅಂದೆ. ಪಕ್ಕದಲ್ಲಿದ್ದ ಟೀಚರಮ್ಮ, "ಹಾಗಿದ್ರೆ ಪೌಲ ಇವರನ್ನೂ ಅದೇ ಸಾಲಿಗೆ ಯಾಕೆ ಸೇರಿಸಿದ?" ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ.

ಆಮೇಲೆ ಹದಿನಾರನೇ ವಚನ ಬಂತು. ಕ್ರಿಸ್ಪ, ಗಾಯ ಇಬ್ಬರಿಗೆ ಬಿಟ್ಟರೆ ನಿಮ್ಮಲ್ಲಿ ಯಾರಿಗೂ ದೀಕ್ಷಾಸ್ನಾನ ಮಾಡಿಸಲಿಲ್ಲ ಅಂತ ಬರೆದ ಪೌಲ, ತಕ್ಷಣ ನೆನಪಾಗಿ, ಹಾಂ, ಸ್ತೆಫನನ ಮನೆಯವರಿಗೂ ಮಾಡಿಸಿದೆ, ಇನ್ಯಾರಿಗಾದರೂ ಮಾಡಿಸಿದ್ದು ಗೊತ್ತಿಲ್ಲ ಅನ್ನುತ್ತಾನೆ. ಅಲ್ಲಿಗೆ ನನ್ನ ದನಿ ನಿಂತುಹೋಯಿತು ಮಗಳೇ. ಯಾರ ಕೈಯಿಂದ ಸ್ನಾನ ಆಯಿತು ಅನ್ನುವ ಲೆಕ್ಕ ಅವನೇ ಇಟ್ಟಿರಲಿಲ್ಲ. ನಾನು ಇಟ್ಟಿದ್ದೆ. ನೀನು ಬೆಂಗಳೂರಿನ ಸಭೆಯಲ್ಲಿ ನೀರಲ್ಲಿ ಮುಳುಗಿ ಎದ್ದು ಬಂದೆ ಅಂತ ತಿಳಿದ ದಿನ, ಆರು ತಿಂಗಳ ಕೂಸಿದ್ದಾಗ ನಿನಗೆ ಮಾಡಿಸಿದ್ದು ಸುಳ್ಳಾ ಅಂತ ಕೂಗಾಡಿದೆ, ಒಂದು ತಿಂಗಳು ನಿನ್ನ ಫೋನ್ ಎತ್ತಲಿಲ್ಲ.

1810ರಲ್ಲೇ ಬಳ್ಳಾರಿಗೆ ಬಂದು, ಬೈಬಲನ್ನು ಕನ್ನಡಕ್ಕೆ ತಂದ ಮಿಷನರಿ ಜಾನ್ ಹ್ಯಾಂಡ್ಸ್ ಕಾಲದಿಂದ ಬಂದವರು ನಾವು ಅನ್ನುವ ಜಂಬ ನನಗೆ ಜಾಸ್ತಿ ಇತ್ತು. ನಾನು ಹ್ಯಾಂಡ್ಸನವಳು ಅಂದ ಹಾಗೇ ಆಯಿತಲ್ಲ ಅದು.

ಟೀಚರಮ್ಮ ಇನ್ನೊಂದು ನೆನಪಿಸಿದರು. ಬೇರೆ ಬೇರೆ ಸಭೆಗಳು ಒಂದಾಗಿ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಶುರುವಾದಾಗ, ಬಿಷಪ್ಪರೇ ಇಲ್ಲದ ಸಭೆಗಳಿಂದ ಬಂದ ಪಾಸ್ಟರುಗಳಿಗೂ ಮತ್ತೆ ಬಿಷಪ್ಪರ ಕೈಯಿಂದ ಪಾಸ್ಟರ್ ಪದವಿಯ ಅಭಿಷೇಕ ಮಾಡಿಸಿಕೊಳ್ಳಿ ಅನ್ನಲಿಲ್ಲವಂತೆ, ಇದ್ದ ಹಾಗೇ ಸೇರಿಸಿಕೊಂಡರು. ಅಂಥ ಸಭೆಯಲ್ಲಿ ಬೆಳೆದು ನಿನ್ನನ್ನು ಹೊರಗಿಟ್ಟೆ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಕೂಸಿನಲ್ಲಿ ಆದ ಸ್ನಾನವೇ ಸಾಕಿತ್ತು ಅಂತ ಈಗಲೂ ನಂಬುತ್ತೇನೆ. ನೀನು ಒಪ್ಪುವುದಿಲ್ಲ, ಗೊತ್ತು. ಅದನ್ನು ಕೂತು ಮಾತಾಡೋಣ. ಆದ್ರೆ ಫೋನ್ ಎತ್ತದೆ ಇದ್ದದ್ದಕ್ಕೆ ನನ್ನನ್ನು ಕ್ಷಮಿಸು.

ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದೇನೆ. ಭಾನುವಾರ ನಿನ್ನ ಸಭೆಗೆ ನನ್ನನ್ನೂ ಕರೆದುಕೊಂಡು ಹೋಗು.

ನಿನ್ನ ಅವ್ವ