ಪಿಟೋ ಕೊಳವೆಯೊಳಗಿನ ಕುಂಬಾರ ಹುಳ

ಗಂಗಾವತಿ

ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನೀನು ಫೋನಿನಲ್ಲಿ ಕೇಳಿದ್ದು ನಾಲ್ಕು ಮಾತಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಭತ್ತ ಕೊಯ್ಲಿಗೆ ಬಂದ ಕಾಲದಲ್ಲಿ ಸಂಜೆ ಕಾರಟಗಿ ರಸ್ತೆಯಲ್ಲಿ ಬೈಕ್ ಹೊಡೆದರೆ ಜಿಗಿಹುಳು ಕಣ್ಣು ತೆರೆಯಗೊಡುವುದಿಲ್ಲ, ಹಾಗಾದರೆ ತೋರಣಗಲ್ಲಿನಲ್ಲಿ ಇಳಿಯುವ ವಿಮಾನದ ಗತಿ ಏನು ಎಂದು ಕೇಳಿದ್ದೆ.

ಬಡಿತದಿಂದ ಅಂಥದ್ದೇನೂ ಆಗುವುದಿಲ್ಲವ್ವ. ಜಿಗಿಹುಳುವಿನ ತೂಕ ಕೆಲವೇ ಮಿಲಿಗ್ರಾಂ. ಜೇನುಹುಳ ಗ್ರಾಮಿನ ಹತ್ತರಲ್ಲೊಂದು ಪಾಲು, ಬಲಿತ ಮಿಡತೆ ಎರಡು ಗ್ರಾಂ. ಎಂಜಿನ್ನಿಗೆ ಪೆಟ್ಟು ಕೊಡುವುದು ಮುಕ್ಕಾಲು ಕೆ.ಜಿ. ತೂಗುವ ಹದ್ದು. ಹುಳಗಳು ಬಹುಪಾಲು ನೆಲದಿಂದ ಕೆಲವು ನೂರು ಅಡಿಯೊಳಗೇ ಇರುವುದರಿಂದ ಏರುವಾಗ, ಇಳಿಯುವಾಗಷ್ಟೇ ಬಡಿಯುತ್ತವೆ. ರೆಕ್ಕೆಯ ಮುಂಚಿಗೆ ಒಣಗಿ ಹತ್ತಿದ ಅವುಗಳ ರಸ ಗಾಳಿಯ ನಯವಾದ ಹರಿವನ್ನು ಕೆಡಿಸುತ್ತದೆ, ಇಂಧನ ತುಸು ಹೆಚ್ಚು ಸುಡುತ್ತದೆ. 2015ರಲ್ಲಿ ನಾಸಾದವರು ಬೋಯಿಂಗ್ 757ರ ರೆಕ್ಕೆಗೆ ಹುಳ ಹತ್ತದಂಥ ಲೇಪನ ಬಳಿದು ನೋಡಿದ್ದು ಇದಕ್ಕೇ.

ಮಿಡತೆಯ ಹಿಂಡಿನ ಲೆಕ್ಕ ಬೇರೆ. 2020ರ ಜನವರಿಯಲ್ಲಿ ಇಥಿಯೋಪಿಯಾದ ದಿರೆ ದಾವಾದಲ್ಲಿ ಇಳಿಯಲು ಹೊರಟ ಬೋಯಿಂಗ್ 737 ವಿಮಾನ ಹಿಂಡಿಗೆ ಸಿಕ್ಕಿತು. ಮುಂಗಾಜಿನಲ್ಲಿ ಹೊರಗೇನೂ ಕಾಣದಂತಾಗಿ ಅಡಿಸ್ ಅಬಾಬಾಕ್ಕೆ ಹೋಗಿ ಇಳಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೂಡ ಹಿಂಡಿನೊಳಗೆ ಹಾರಬೇಡಿ, ವೈಪರ್ ಹಾಕಿದರೆ ರಸ ಇನ್ನಷ್ಟು ಹರಡೀತು ಎಂದು ಪೈಲಟ್‌ಗಳನ್ನು ಎಚ್ಚರಿಸಿತ್ತು. ನಿನ್ನ ತರಬೇತಿ ವಿಮಾನದ ಮುಂಗಾಜು ಅಕ್ರಿಲಿಕ್. ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಒದ್ದೆ ಬಟ್ಟೆ ಹಾಸಿ ಐದು ನಿಮಿಷ ನೆನೆಯಲು ಬಿಡು. ಆಮೇಲೆ ಸೋಪುನೀರು, ಮೆತ್ತನೆಯ ಹತ್ತಿ ಬಟ್ಟೆ, ಮೇಲಿಂದ ಕೆಳಕ್ಕೆ ಒರೆಸು. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್, ಥಿನ್ನರ್, ಪೆಟ್ರೋಲ್ ತಾಗಿಸಲೇಬೇಡ, ಕೂದಲೆಳೆಯಂಥ ಬಿರುಕು ಬಿಡುತ್ತದೆ.

ನಾನು ಹೆದರುವುದು ನಿಂತ ವಿಮಾನದೊಳಗೆ ಹೊಕ್ಕುವ ಕುಂಬಾರ ಹುಳಕ್ಕೆ. ನಮ್ಮ ಮನೆಗಳಲ್ಲಿ ಕೀಲಿಯ ತೂತಿಗೆ, ಪ್ಲಗ್ ಪಾಯಿಂಟಿಗೆ ಮಣ್ಣು ತಂದು ಮೆತ್ತುತ್ತದಲ್ಲ, ಅದರದೇ ಬಳಗ. ವಿಮಾನದ ವೇಗ ತಿಳಿಸುವ ಪಿಟೋ ಕೊಳವೆ ಅದರ ಕಣ್ಣಿಗೆ ಹೇಳಿ ಮಾಡಿಸಿದ ಗೂಡು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 2013ರ ನವೆಂಬರಿನಲ್ಲಿ ಒಂದು ಏರ್‌ಬಸ್ ಎ330 ನೆಲದ ಮೇಲಿದ್ದದ್ದು ಎರಡೇ ಗಂಟೆ. ಅಷ್ಟರಲ್ಲಿ ಕ್ಯಾಪ್ಟನ್ ಕಡೆಯ ಕೊಳವೆ ಬಹುತೇಕ ಮುಚ್ಚಿಹೋಗಿತ್ತು. ಒಂದು ರಾತ್ರಿ ತಾನೆ ಎಂದು ಕವರ್ ಹಾಕದೆ ಬಿಡುವವರಿಗೆ ಈ ಎರಡು ಗಂಟೆಯ ಲೆಕ್ಕ ಹೇಳು.

ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಬಾಯಿಪಾಠ ಮಾಡಬೇಡ, ಅರ್ಥ ಮಾಡಿಕೊ. ಪಿಟೋ ಕೊಳವೆ ಎದುರುಗಾಳಿಯ ಒತ್ತಡ ಹಿಡಿಯುತ್ತದೆ, ಸ್ಟ್ಯಾಟಿಕ್ ಪೋರ್ಟ್ ಸುತ್ತಲಿನ ಗಾಳಿಯ ಒತ್ತಡ ಹಿಡಿಯುತ್ತದೆ. ಎರಡರ ವ್ಯತ್ಯಾಸವೇ ವೇಗಮಾಪಕದ ಮುಳ್ಳು ತೋರಿಸುವ ವೇಗ. ಕೊಳವೆಯ ಬಾಯಿ ಕಟ್ಟಿ, ನೀರು ಸೋರುವ ಸಣ್ಣ ತೂತು ತೆರೆದೇ ಇದ್ದರೆ ಮುಳ್ಳು ಸೊನ್ನೆಗೆ ಇಳಿಯುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು. ಕೊಳವೆಯ ಬಾಯಿ, ಆ ತೂತು ಎರಡೂ ಕಟ್ಟಿದರೆ ನೆಲದ ಮೇಲಿನ ಒತ್ತಡ ಒಳಗೇ ಸಿಕ್ಕಿಕೊಳ್ಳುತ್ತದೆ. ನೀನು ಮೇಲೇರಿದಂತೆ ಹೊರಗಿನ ಒತ್ತಡ ಇಳಿಯುತ್ತದೆ, ಸಾವಿರ ಅಡಿಗೆ ಸುಮಾರು 36 ಹೆಕ್ಟೋಪ್ಯಾಸ್ಕಲ್. ಅಷ್ಟು ವ್ಯತ್ಯಾಸಕ್ಕೆ ಮುಳ್ಳು 150 ನಾಟ್, ಅಂದರೆ ಗಂಟೆಗೆ ಸುಮಾರು 280 ಕಿ.ಮೀ. ಹತ್ತಿರ ತೋರಿಸುತ್ತದೆ! ರನ್‌ವೇಯಲ್ಲಿ ಸತ್ತಂತಿದ್ದ ಮುಳ್ಳು ಏರುತ್ತಿದ್ದಂತೆ ಜೀವ ಬಂದಂತೆ ಏಳುತ್ತದೆ. ವೇಗ ಹೆಚ್ಚಾಯಿತೆಂದು ಮೂಗು ಎತ್ತಿದರೆ ಇನ್ನೂ ಏರುತ್ತೀ, ಮುಳ್ಳು ಇನ್ನೂ ಹೆಚ್ಚು ತೋರಿಸುತ್ತದೆ, ನಿಜದ ವೇಗ ಸ್ಟಾಲ್‌ಗೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ಮಟ್ಟಕ್ಕೆ ಇಳಿದಿರುತ್ತದೆ.

1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ವೆರ್ತೊ ಪ್ಲಾತಾದಿಂದ ಎದ್ದ ಬಿರ್ಗೆನ್‌ಏರ್ ಕಂಪನಿಯ 757ರಲ್ಲಿ ಆದದ್ದು ಇದೇ. ಸುಮಾರು ಮೂರು ವಾರ ಹಾರದೆ ನಿಂತಿದ್ದ ವಿಮಾನ, ಕೊಳವೆಗೆ ಕವರ್ ಇರಲಿಲ್ಲ. ಓಟದಲ್ಲೇ ಕ್ಯಾಪ್ಟನ್‌ನ ಮುಳ್ಳು ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾಗಿತ್ತು, ಆದರೂ ನಿಲ್ಲಿಸಲಿಲ್ಲ. 189 ಜನ ಹೋದರು. ಆ ಕೊಳವೆ ಸಮುದ್ರದಿಂದ ಸಿಗಲೇ ಇಲ್ಲ. ತನಿಖೆ ಬೆರಳು ತೋರಿದ್ದು ಕುಂಬಾರ ಹುಳದ ಕಡೆಗೆ.

ಆದ್ದರಿಂದ ವಿಮಾನದ ಸುತ್ತು ಹಾಕುವಾಗ ಅವಸರ ಬೇಡ. ತರಬೇತಿಯ ಸೆಸ್ನಾ 172 ವಿಮಾನದಲ್ಲಿ ಪಿಟೋ ಎಡರೆಕ್ಕೆಯ ಕೆಳಗೆ, ಸ್ಟ್ಯಾಟಿಕ್ ಪೋರ್ಟ್ ಮೂಗಿನ ಎಡಪಕ್ಕದಲ್ಲಿ, ಇಂಧನ ಟ್ಯಾಂಕಿನ ಗಾಳಿಕೊಳವೆ ಎಡರೆಕ್ಕೆಯ ಆಸರೆ ಕಂಬದ ಹತ್ತಿರ. ಬಗ್ಗಿ, ಟಾರ್ಚಿನ ಬೆಳಕು ಬಿಟ್ಟು ನೋಡು. ಗಾಳಿಕೊಳವೆಯನ್ನು ಬಹಳ ಜನ ಮರೆಯುತ್ತಾರೆ. ಅದು ಕಟ್ಟಿದರೆ ಟ್ಯಾಂಕಿನೊಳಗೆ ನಿರ್ವಾತವಾಗಿ, ಇಂಧನವಿದ್ದೂ ಎಂಜಿನ್ ನಿಲ್ಲುತ್ತದೆ. ಮಣ್ಣಿನ ಚೂರು ಕಂಡರೂ ತಂತಿಯಿಂದ ಕೆದಕಬೇಡ, ಮಣ್ಣು ಇನ್ನೂ ಒಳಗೆ ಹೋಗುತ್ತದೆ. ಬಾಯಿಂದ ಊದಬೇಡ, ವೇಗಮಾಪಕ ಹಾಳಾಗುತ್ತದೆ. ಎಂಜಿನಿಯರನ್ನು ಕರೆ. ಅವರು ಉಪಕರಣದ ಕಡೆ ಪೈಪ್ ಬಿಚ್ಚಿ, ಒಳಗಿನಿಂದ ಹೊರಕ್ಕೆ ಗಾಳಿ ಹಾಯಿಸುತ್ತಾರೆ. ಎಷ್ಟೇ ತಡವಾಗಲಿ, ಅಲ್ಲಿ ಹಟ ಮಾಡು.

ಓಟದಲ್ಲಿ ಮುಳ್ಳು ಏಳಲಿಲ್ಲವೇ, ಥ್ರಾಟಲ್ ಹಿಂದಕ್ಕೆಳೆದು ಎಂಜಿನ್ ಶಕ್ತಿ ಇಳಿಸಿ ನಿಲ್ಲಿಸು. ಗಾಳಿಯಲ್ಲಿದ್ದಾಗ ಅನುಮಾನ ಬಂದರೆ ಮುಳ್ಳನ್ನು ಬಿಟ್ಟು ಮೂಗಿನ ಕೋನ ಮತ್ತು ಎಂಜಿನ್ ಶಕ್ತಿಯನ್ನು ನಂಬು. ಮುಂದೆ ಏರ್‌ಬಸ್ ಎ320 ಹಾರಿಸಿದರೆ ಇದೇ ನೆನಪಿನ ಪಾಠ: ಏರುವಾಗ ಹತ್ತು ಸಾವಿರ ಅಡಿಯೊಳಗೆ ಕ್ಲೈಂಬ್ ಥ್ರಸ್ಟ್ (ಏರಲು ಇಡುವ ಎಂಜಿನ್ ಶಕ್ತಿ), ಮೂಗು 10 ಡಿಗ್ರಿ ಮೇಲಕ್ಕೆ, ಆ ಎತ್ತರ ದಾಟಿದರೆ 5 ಡಿಗ್ರಿ. ಈಗ ನಿನ್ನ ವಿಮಾನಕ್ಕೆ ಏರಲು, ಸಮತಟ್ಟಿಗೆ, ಇಳಿಯಲು ಎಷ್ಟು ಆರ್‌ಪಿಎಂ, ಮೂಗು ಎಲ್ಲಿ ಎಂದು ಇನ್‌ಸ್ಟ್ರಕ್ಟರ್ ಜೊತೆ ವೇಗಮಾಪಕ ಮುಚ್ಚಿ ಹಾರಿ ಬರೆದಿಟ್ಟುಕೊ.

ಇನ್ನು ಕವರ್. ವಿಮಾನ ನಿಲ್ಲಿಸಿ ಪಿಟೋ ತಣ್ಣಗಾದ ಕೂಡಲೇ ಕೆಂಪು ಪಟ್ಟಿ ಇರುವ ಕವರ್ ಹಾಕು. ಟೇಪ್ ಅಂಟಿಸುವ ಉಪಾಯ ಬೇಡ: 1996ರ ಅಕ್ಟೋಬರ್ 2ರಂದು ಲಿಮಾದಿಂದ ಎದ್ದ ಏರೋಪೆರು 757ರ 70 ಜನ ಸತ್ತದ್ದು ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟಿಗೆ ಅಂಟಿಸಿದ ಟೇಪನ್ನು ಯಾರೂ ತೆಗೆಯದೆ ಬಿಟ್ಟದ್ದರಿಂದ. ಕವರನ್ನೂ ಮರೆಯಬಹುದು. 2018ರ ಜುಲೈ 18ರಂದು ಅದೇ ಬ್ರಿಸ್ಬೇನಿನಲ್ಲಿ ಮಲೇಷ್ಯಾ ಏರ್‌ಲೈನ್ಸ್ ಎ330 ತನ್ನ ಮೂರೂ ಪಿಟೋ ಕೊಳವೆಗಳ ಕವರ್ ಹಾಕಿಕೊಂಡೇ ಹಾರಿತು, ಪುಣ್ಯಕ್ಕೆ ಸುರಕ್ಷಿತವಾಗಿ ಇಳಿಯಿತು. ಬಿಚ್ಚಿದ ಕವರನ್ನು ಸೀಟಿನ ಮೇಲೆ ಕಾಣುವ ಹಾಗೆ ಇಡು. ಕವರ್ ಒಳಗೆ ಬಾರದೆ ಎಂಜಿನ್ ಶುರು ಮಾಡಬೇಡ.

ಇಂತಿ ನಿನ್ನ
ದೊಡ್ಡಪ್ಪ