ಗೆಳೆಯನಿಗೊಂದು ಪತ್ರ: ಹೆಣ ಮತ್ತೆ ಮರ ಹತ್ತಿತು

ಪ್ರೀತಿಯ ಗೆಳೆಯಾ,

'ಆಫೀಸು ಮೀಟಿಂಗಿನಲ್ಲಿ ಅಷ್ಟು ಜನರ ಎದುರು ಬಾಯಿ ಬಿಡೋ ದರ್ದು ಏನಿತ್ತು ಮಾರಾಯಾ' ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ನನಗೆ ಆಗ ಉತ್ತರ ಹೊಳೆಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮನೆ ಅಟ್ಟ ನೆನಪು ಮಾಡಿಕೋ. ಅಡಿಕೆ ಮೂಟೆಗಳ ಸಂದಿಯಲ್ಲಿ ನಿನ್ನ ಅತ್ತೆ ದಾರ ಹಾಕಿ ಹೊಲಿದಿಟ್ಟಿದ್ದ ಚಂದಮಾಮಗಳು. ನೀನು ಮೊದಲು ಧಾರಾವಾಹಿಯ ಪುಟ ಹುಡುಕುತ್ತಿದ್ದೆ, ನಾನು ಹೆಣದೊಳಗೆ ಕೂತು ರಾಜನಿಗೆ ಕತೆ ಹೇಳಿ ಪ್ರಶ್ನೆ ಕೇಳುವ ಬೇತಾಳನನ್ನು. ಚಂದಮಾಮದ ಚಿತ್ರಕಾರ ಶಂಕರ್ ಬಿಡಿಸಿದ ಆ ಚಿತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ: ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಒಂದಿಷ್ಟೂ ಅಳುಕದ ರಾಜ. (ಶಂಕರ್ 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು 2021ರಲ್ಲಿ. ಬದುಕಿದ್ದಾಗಲೇ ಕೊಡಬೇಕಿತ್ತು.)

ನಿನ್ನ ಅಜ್ಜಿ ಹೇಳಿದ ಮೂವರು ಹುಡುಗರ ಕತೆಗೆ ನಾವು ಜಗಳವಾಡಿದ್ದು ನೆನಪಿದೆಯಾ? ಮೂವರೂ ಬಯಸಿದ ಹುಡುಗಿ ಸಾಯುತ್ತಾಳೆ. ಒಬ್ಬ ಅವಳ ಅಸ್ಥಿಯನ್ನು ಗಂಗೆಗೆ ಒಯ್ಯುತ್ತಾನೆ, ಒಬ್ಬ ಚಿತೆಯ ಬೂದಿಯ ಮೇಲೇ ಮಲಗುತ್ತಾನೆ, ಮತ್ತೊಬ್ಬ ಊರೂರು ಅಲೆದು ಬದುಕಿಸುವ ಮಂತ್ರ ತರುತ್ತಾನೆ. ಎದ್ದು ಕೂತ ಅವಳು ಯಾರ ಹೆಂಡತಿ? ಮಂತ್ರ ತಂದವನಿಗೇ ಅಂತ ನೀನು. ರಾಜ ಹೇಳಿದ್ದು ಬೇರೆ: ಜೀವ ಕೊಟ್ಟವನು ತಂದೆ, ಅಸ್ಥಿ ಬಿಟ್ಟವನು ಮಗ, ಬೂದಿ ಬಿಟ್ಟು ಕದಲದವನು ಗಂಡ. ಸಿಟ್ಟಿಗೆ ನೀನು ಎರಡು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಪೇಟೆಯ ಕೆಲಸ ಬಿಟ್ಟು ಬಂದು ನಾಲ್ಕು ವರ್ಷ ಪಕ್ಕದಲ್ಲಿ ಕೂತವನೂ ನೀನೇ. ನಿನ್ನನ್ನು ನೋಡಲು ಬಂದಾಗಲೆಲ್ಲ ನನಗೆ ಆ ಬೂದಿ ಕಾದವನ ನೆನಪಾಗುತ್ತಿತ್ತು. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ನನ್ನೊಳಗೆ ಉಳಿದದ್ದು ಬೇತಾಳನ ಷರತ್ತು. ಮಾತಾಡಿದರೆ ಹೆಣ ಮರಕ್ಕೆ ಹಾರುತ್ತದೆ, ರಾತ್ರಿಯಿಡೀ ಪಟ್ಟ ಶ್ರಮ ನೀರುಪಾಲು. ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಆವತ್ತು ಮೀಟಿಂಗಿನಲ್ಲಿ, ಆರು ತಿಂಗಳ ಹಿಂದೆ ಸೇರಿದ ಹುಡುಗಿಯ ತಲೆಗೆ ತಪ್ಪು ಕಟ್ಟುತ್ತಿದ್ದರು. ತಪ್ಪು ಅವಳದಲ್ಲ ಅಂತ ನನಗೆ ಗೊತ್ತಿತ್ತು. ಮನೆಸಾಲ, ಮಗನ ಫೀಸು ಎಲ್ಲ ಕಣ್ಣ ಮುಂದೆ ಬಂದವು. ಎರಡು ನಿಮಿಷ ಸುಮ್ಮನೆ ಕೂತೆ. ತಲೆ ನಿಜಕ್ಕೂ ಸಿಡಿಯುವ ಹಾಗಾಯಿತು ಕಣೋ. ಹೇಳಿಬಿಟ್ಟೆ. ಮರುವಾರವೇ ಎರಡು ವರ್ಷ ದುಡಿದ ಪ್ರಾಜೆಕ್ಟಿನಿಂದ ನನ್ನನ್ನು ತೆಗೆದರು. ಹೆಣ ಮತ್ತೆ ಮರ ಹತ್ತಿತು.

ಚಂದಮಾಮದಲ್ಲಿ ತಿಂಗಳು ತಿಂಗಳೂ ಹೊಸ ಬೇತಾಳ ಕತೆ ಬರುತ್ತಿತ್ತು, ಹಾಗಾಗಿ ಕೊನೆ ಏನಾಯಿತೆಂದು ನಮಗೆ ಗೊತ್ತೇ ಆಗಲಿಲ್ಲ. ಸೋಮದೇವ 11ನೇ ಶತಮಾನದಲ್ಲಿ ಕಾಶ್ಮೀರದಲ್ಲಿ ಬರೆದ ಕಥಾಸರಿತ್ಸಾಗರದಲ್ಲಿ ಅದು ಇದೆ. ರಾಜನ ಹೆಸರು ಅಲ್ಲಿ ತ್ರಿವಿಕ್ರಮಸೇನ. ನಾವು 'ಛಲ ಬಿಡದ ತ್ರಿವಿಕ್ರಮ' ಅನ್ನುತ್ತೇವಲ್ಲ, ಅವನೇ. ಕಡೆಯ ಪ್ರಶ್ನೆಗೆ ಅವನಿಗೆ ಉತ್ತರ ತಿಳಿಯುವುದಿಲ್ಲ, ಸುಮ್ಮನೆ ನಡೆಯುತ್ತಾನೆ. ಬೇತಾಳ ಆಗಲೇ ಮೆಚ್ಚಿ, ಹೆಣ ತರಲು ಕಳಿಸಿದ ಸನ್ಯಾಸಿಯ ಕಪಟವನ್ನು ಬಿಚ್ಚಿಡುತ್ತಾನೆ. ನಲವತ್ತು ದಾಟಿದ ಮೇಲೆ ಇದನ್ನು ಓದಿ ಪುಸ್ತಕ ಮುಚ್ಚಿ ಕೂತುಬಿಟ್ಟೆ. ಗೊತ್ತಿದ್ದಾಗ ನುಡಿದವನಿಗೆ, ಗೊತ್ತಿಲ್ಲದಾಗ ಸುಮ್ಮನಿರಲೂ ಬರುತ್ತಿತ್ತು. ನನಗೆ ಈ ಎರಡನೆಯದು ಇನ್ನೂ ಕೂಡಿಬಂದಿಲ್ಲ.

ಅಡಿಕೆ ಕೊನೆಕೊಯ್ಲಿಗೆ ಬರುತ್ತೇನೆ. ಆ ಚಂದಮಾಮದ ಕಟ್ಟುಗಳಿಗೆ ಗೆದ್ದಲು ಹತ್ತದ ಹಾಗೆ ನೋಡಿಕೋ. ನಿನ್ನ ಮಗಳಿಗೆ ಮೂವರು ಹುಡುಗರ ಕತೆ ಹೇಳು, ಆದರೆ ರಾಜನ ಉತ್ತರ ಹೇಳಬೇಡ. ಅವಳು ಏನಂದಳು ಅಂತ ನನಗೆ ಬರೆ.

ನಿನ್ನ
ಅಟ್ಟದ ಗೆಳೆಯ