ಕಾರ್ಟ್ರಿಜ್‌ನಲ್ಲಿದ್ದ ನಮ್ಮ ಆಟ ಅಳಿಸಿ ಹಾಕಿದ್ದರ ಬಗ್ಗೆ ದೂರು

ಉಡುಪಿ
2 ಆಗಸ್ಟ್ 2025

ವ್ಯವಸ್ಥಾಪಕರಿಗೆ,
ಗೇಮ್ ಕನ್ಸೋಲ್ ಸರ್ವಿಸ್ ಸೆಂಟರ್,
ಮಂಗಳೂರು

ವಿಷಯ: ಬ್ಯಾಟರಿ ಬದಲಿಸಲು ಕೊಟ್ಟ ಗೇಮ್ ಬಾಯ್ ಕಾರ್ಟ್ರಿಜ್‌ನ ಸೇವ್ (ಆಡಿ ಉಳಿಸಿಟ್ಟ ಆಟ) ಅನ್ನು ಹೇಳದೆ ಕೇಳದೆ ಅಳಿಸಿದ್ದು, ಆಮೇಲೆ ಕೌಂಟರಿನಲ್ಲಿ ಅವಮಾನ ಮಾಡಿದ್ದು

ಸರ್,

ನಿಮಗೆ ಐದು ಸಲ ಫೋನ್ ಮಾಡಿದ್ದೇನೆ. ಮೊದಲ ಸಲ ಟೆಕ್ನಿಷಿಯನ್ ಊಟಕ್ಕೆ ಹೋಗಿದ್ದರು. ಎರಡನೇ ಸಲ "ನಾವೇ ಫೋನ್ ಮಾಡ್ತೇವೆ ಸರ್" ಅಂದರು, ಮಾಡಲಿಲ್ಲ. ಮೂರು, ನಾಲ್ಕನೇ ಸಲವೂ ಅದೇ ಮಾತು. ಐದನೇ ಸಲ, ಮೊನ್ನೆ ಗುರುವಾರ, ನಾನು ಹೆಸರು ಹೇಳಿದ ಕೂಡಲೇ ಆಚೆಯಿಂದ "ಅದೇ, ಆ ಪೋಕೆಮಾನ್‌ನವರು" ಅಂತ ಯಾರಿಗೋ ಹೇಳಿದ್ದು ಕೇಳಿಸಿತು. ಹಿಂದೆ ಯಾರೋ ನಕ್ಕರು. ಫೋನ್ ಕಟ್ಟಾಯಿತು. ಇಷ್ಟು ದಿನ ನಾನು ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಇನ್ನು ಮಾತು ಬೇಡ, ಬರವಣಿಗೆಯಲ್ಲೇ ಇರಲಿ.

ಜೂನ್ 14, ಶನಿವಾರ, ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದು ಎರಡು ವಸ್ತು ನಿಮ್ಮ ಕೌಂಟರಿಗೆ ಕೊಟ್ಟೆ. ಒಂದು ಗೇಮ್ ಬಾಯ್ ಕಲರ್, ಅಂದರೆ ಕೈಯಲ್ಲಿ ಹಿಡಿದು ಆಡುವ ಗೇಮ್ ಮೆಷಿನ್, ಅದರ ಪವರ್ ಸ್ವಿಚ್ ಸಡಿಲವಾಗಿತ್ತು. ಇನ್ನೊಂದು ಅದಕ್ಕೆ ಹಾಕಿ ಆಡುವ ಪೋಕೆಮಾನ್ ಗೋಲ್ಡ್ ಕಾರ್ಟ್ರಿಜ್, ಪೋಕೆಮಾನ್ ಅನ್ನುವ ಪ್ರಾಣಿಗಳನ್ನು ಹಿಡಿದು ಬೆಳೆಸುವ ಆಟ. ಅದರೊಳಗಿನ ಬ್ಯಾಟರಿ ಬದಲಿಸಬೇಕಿತ್ತು. ಸ್ವಿಚ್ ಸರಿಯಾಗಿದೆ, ಅದರ ಬಗ್ಗೆ ನನ್ನ ದೂರಿಲ್ಲ. ಕಾರ್ಟ್ರಿಜ್ ಕೊಡುವಾಗ ಜಾಬ್ ಕಾರ್ಡಿನಲ್ಲಿ ನನ್ನ ಕೈಯಾರೆ "ಸೇವ್ ಕಾಪಿ ಮಾಡದೆ ಬ್ಯಾಟರಿ ತೆಗೆಯಬಾರದು" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಕೌಂಟರಿನಲ್ಲಿದ್ದ ಹುಡುಗ ಅದನ್ನು ಓದಿ, "ನಮ್ಮಲ್ಲಿ ಕಾರ್ಟ್ರಿಜ್ ರೀಡರ್ ಉಂಟು ಸರ್, ಕಾಪಿ ತೆಗೆದೇ ಮಾಡುದು" ಅಂದ. ಆ ಮಾತು ನಂಬಿ 500 ರೂಪಾಯಿ ಅಡ್ವಾನ್ಸ್ ಕೊಟ್ಟೆ. ಜಾಬ್ ಕಾರ್ಡಿನ ಹಿಂಬದಿಯಲ್ಲಿ ನಿಮ್ಮದೇ ಷರತ್ತುಗಳಿವೆ. ನಾಲ್ಕನೆಯದು, ಗ್ರಾಹಕರ ಮಾಹಿತಿ ಅಳಿಸಿ ಹೋಗುವಂತಿದ್ದರೆ ಮೊದಲು ಫೋನ್ ಮಾಡಿ ಒಪ್ಪಿಗೆ ತೆಗೆದುಕೊಳ್ಳುತ್ತೇವೆ ಅಂತ. ಏಳನೆಯದು, ತೆಗೆದ ಹಳೇ ಬಿಡಿಭಾಗ ವಾಪಸ್ ಕೊಡುತ್ತೇವೆ ಅಂತ. ಅವೆರಡನ್ನೂ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಚ್ಚು ಹಾಕಿಸಿದವರು ನೀವೇ.

ಈ ಬ್ಯಾಟರಿಯ ವಿಷಯವೂ ನಿಮ್ಮ ಟೆಕ್ನಿಷಿಯನ್‌ಗೆ ಗೊತ್ತಿರಲೇಬೇಕು. ಆದರೂ ಬರೆಯುತ್ತೇನೆ, ನಾಳೆ ಈ ಪತ್ರವನ್ನು ಬೇರೆಯವರೂ ಓದಬೇಕಾಗಬಹುದು. ಪೋಕೆಮಾನ್ ಗೋಲ್ಡ್‌ನಲ್ಲಿ ಆಡಿದ ಆಟ 32 ಕಿಲೋಬೈಟಿನ ಒಂದು ಸಣ್ಣ ಮೆಮೊರಿ ಚಿಪ್‌ನಲ್ಲಿ ಕೂತಿರುತ್ತದೆ. ಈಗ ವಾಟ್ಸಾಪ್‌ನಲ್ಲಿ ಬರುವ ಒಂದು ಫೋಟೋ ಅದಕ್ಕಿಂತ ದೊಡ್ಡದು. ಆ ಚಿಪ್‌ಗೆ ಯಾವಾಗಲೂ ಕರೆಂಟ್ ಬೇಕು. ಗೇಮ್ ಬಾಯ್ ಆಫ್ ಇದ್ದಾಗ ಆ ಕರೆಂಟ್ ಕೊಡುವುದು ಒಳಗಿರುವ ನಾಣ್ಯದಂಥ 3 ವೋಲ್ಟಿನ ಸಿಆರ್2025 ಬ್ಯಾಟರಿ. ಆಟದೊಳಗಿನ ಗಡಿಯಾರ ಓಡುವುದೂ ಅದರಿಂದಲೇ. ಬ್ಯಾಟರಿ ಸುಮ್ನೆ ಕಿತ್ತರೆ ಆಟ ಹೋಯಿತು. ಮೊದಲು ರೀಡರ್‌ಗೆ ಹಾಕಿ ಕಂಪ್ಯೂಟರಿಗೆ ಕಾಪಿ ಮಾಡಿಟ್ಟುಕೊಂಡರೆ ಆಯಿತು, ಕೆಲವೇ ನಿಮಿಷದ ಕೆಲಸ. ರೀಡರ್ ಇಲ್ಲದಿದ್ದರೂ ದಾರಿ ಉಂಟು. 2011ರಲ್ಲಿ ಇದೇ ಕಾರ್ಟ್ರಿಜ್‌ನ ಬ್ಯಾಟರಿಯನ್ನು ಉಡುಪಿಯ ಒಬ್ಬ ರೇಡಿಯೋ ರಿಪೇರಿಯವರು ಬದಲಿಸಿ ಕೊಟ್ಟಿದ್ದರು. ಅವರು ಗೇಮ್ ಬಾಯ್ ಅನ್ನು ಅದಕ್ಕೆ ಮೊದಲು ಕಂಡವರೇ ಅಲ್ಲ. ನಾನು ವಿಷಯ ಹೇಳಿದ್ದಕ್ಕೆ ಎರಡು ಪೆನ್ಸಿಲ್ ಸೆಲ್ ಜೋಡಿಸಿ ತೆಳ್ಳನೆಯ ಎರಡು ವೈರ್ ಸೋಲ್ಡರ್ ಮಾಡಿದರು. ಅದರಿಂದ ಚಿಪ್‌ಗೆ ಕರೆಂಟ್ ಹೋಗುತ್ತಿದ್ದ ಹಾಗೆಯೇ ಹಳೆಯದನ್ನು ಬಿಚ್ಚಿ ಹೊಸದು ಕೂರಿಸಿದರು. ಉಸಿರು ಹಿಡಿದು ಮಾಡಿದರು, ನಾನು ಪಕ್ಕದಲ್ಲೇ ನಿಂತಿದ್ದೆ. 80 ರೂಪಾಯಿ ತೆಗೆದುಕೊಂಡರು. ಒಂದಕ್ಷರ ಹೋಗಿರಲಿಲ್ಲ. ಅವರಿಗೆ ಈಗ ಕಣ್ಣು ಮಂಜು, ಅಂಗಡಿ ಮುಚ್ಚಿದ್ದಾರೆ. ಆ ಬ್ಯಾಟರಿಗೆ 14 ವರ್ಷ ಆಯಿತಲ್ಲ, ಸಾಯುವ ಮೊದಲೇ ಬದಲಿಸೋಣ ಅಂತ ನಿಮ್ಮಲ್ಲಿಗೆ ಬಂದೆ.

ಅದರೊಳಗೆ ಏನಿತ್ತು ಅಂತಲೂ ನೀವು ತಿಳಿದುಕೊಳ್ಳಬೇಕು. ಕಾರ್ಟ್ರಿಜ್ 2001ರಲ್ಲಿ ನಮ್ಮ ಮಾವ ದುಬೈಯಿಂದ ರಜೆಗೆ ಬರುವಾಗ ತಂದದ್ದು. ನನಗೆ ಆಗ 12, ಅಕ್ಕನಿಗೆ 15. ಇದ್ದದ್ದು ಒಂದೇ ಗೇಮ್ ಬಾಯ್. ಗೋಲ್ಡ್‌ನಲ್ಲಿ ಸೇವ್ ಮಾಡಲಿಕ್ಕಾಗುವುದೂ ಒಂದೇ ಆಟ. ಜಗಳವಾಡಿ, ಅಮ್ಮನ ಕೈಯಿಂದ ಪೆಟ್ಟು ತಿಂದು, ಕೊನೆಗೆ ಒಂದೇ ಆಟವನ್ನು ಇಬ್ಬರೂ ಸೇರಿ ಆಡುವುದು ಅಂತ ಆಯಿತು. ಹೊರಗೆ ಕತ್ತಲಾದರೆ ಆ ಆಟದಲ್ಲೂ ಕತ್ತಲಾಗುತ್ತದೆ. ಹಾಗಾಗಿ ಹಗಲು ಅಕ್ಕನದ್ದು, ರಾತ್ರಿ ನನ್ನದು. ಗೂಬೆಯಂಥ ಪೋಕೆಮಾನ್ ಹೂಟ್‌ಹೂಟ್ ಹುಲ್ಲಿನಲ್ಲಿ ರಾತ್ರಿ ಮಾತ್ರ ಸಿಗುವುದು, ಅದು ನನ್ನ ಪಾಲು. ಗೇಮ್ ಬಾಯ್ ಕಲರ್‌ನ ಪರದೆಗೆ ಲೈಟ್ ಇಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಕರೆಂಟ್ ಹೋದ ರಾತ್ರಿ ಕಂಬಳಿಯೊಳಗೆ ಟಾರ್ಚನ್ನು ಗಲ್ಲಕ್ಕೂ ಹೆಗಲಿಗೂ ನಡುವೆ ಒತ್ತಿ ಹಿಡಿದು ಆಡಿದ್ದೇನೆ. ಆಟದೊಳಗಿನ ಯೂನಿಯನ್ ಗುಹೆಯ ತಳದ ನೀರಿನಲ್ಲಿ ಲಾಪ್ರಸ್ ಅನ್ನುವ ಪೋಕೆಮಾನ್ ಶುಕ್ರವಾರ ಮಾತ್ರ ಕಾಣಿಸುತ್ತದೆ. ತಪ್ಪಿಸಿಕೊಂಡರೆ ಮುಂದಿನ ಶುಕ್ರವಾರದವರೆಗೆ ಕಾಯಬೇಕು. ಅಕ್ಕ ಮೂರು ಶುಕ್ರವಾರ ಕಾದು ಹಿಡಿದಳು. ನೀರಿನ ಮೇಲೆ ಬೆನ್ನಲ್ಲಿ ಕೂರಿಸಿಕೊಂಡು ಹೋಗುವುದಕ್ಕೆ ಅದಕ್ಕೆ "ದೋಣಿ" ಅಂತ ಹೆಸರಿಟ್ಟಳು. ಮೊದಲಿಗೆ ಆರಿಸಿಕೊಂಡ ಸಿಂಡಾಕ್ವಿಲ್‌ಗೆ ನಾನಿಟ್ಟ ಹೆಸರು "ಕೆಂಡ". 36ನೇ ಲೆವೆಲ್‌ನಲ್ಲಿ ಅದು ಬೆಳೆದು ಟೈಫ್ಲೋಷನ್ ಆದಾಗ ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಅಪ್ಪನನ್ನೂ ಕರೆದು ತೋರಿಸಿದ್ದೆವು.

ಕಾರ್ಟ್ರಿಜ್ ನಿಮಗೆ ಕೊಡುವ ಹಿಂದಿನ ದಿನ ರಾತ್ರಿ ಆನ್ ಮಾಡಿ ನೋಡಿದ್ದೆ. ಬ್ಯಾಡ್ಜ್ 16, ಪೋಕೆಡೆಕ್ಸ್ (ಹಿಡಿದ ಪೋಕೆಮಾನ್‌ಗಳ ಪಟ್ಟಿ) 142, ಸಮಯ 214 ಗಂಟೆ. ಒಟ್ಟು ಇರುವ 251ರ ಹತ್ತಿರವೂ ಹೋಗಲಿಲ್ಲ ಯಾಕೆಂದರೆ ಎರಡು ಗೇಮ್ ಬಾಯ್ ಜೋಡಿಸಿ ಪೋಕೆಮಾನ್ ಬದಲಾಯಿಸಿಕೊಳ್ಳುವ ಲಿಂಕ್ ಕೇಬಲ್ ಇದ್ದ ಇನ್ನೊಬ್ಬ ಹುಡುಗ ನಮ್ಮ ಊರಿನಲ್ಲೇ ಇರಲಿಲ್ಲ. ಅಕ್ಕ ಈಗ ಮಸ್ಕತ್‌ನಲ್ಲಿದ್ದಾಳೆ. ಊರಿಗೆ ಬಂದಾಗಲೆಲ್ಲ ಚಾ ಕುಡಿದು ಮುಗಿಸುವ ಮೊದಲು "ದೋಣಿ ಉಂಟಲ್ವಾ?" ಅಂತ ಕೇಳುತ್ತಾಳೆ.

ಈಗ ಜುಲೈ 5ರ ವಿಷಯಕ್ಕೆ ಬರುತ್ತೇನೆ. ಅವತ್ತೂ ಶನಿವಾರ. ಜೋರು ಮಳೆ. ನಿಮ್ಮ ಅಂಗಡಿಯಲ್ಲಿ ಆರೇಳು ಜನ ಇದ್ದರು. ಕೌಂಟರಿನ ಹುಡುಗ ಕಾರ್ಟ್ರಿಜ್ ಹಾಕಿ ಆನ್ ಮಾಡಿ, "ನೋಡಿ ಸರ್, ಚೆಂದ ವರ್ಕ್ ಆಗ್ತದೆ" ಅಂತ ನನ್ನ ಕಡೆ ತಿರುಗಿಸಿದ. ಪರದೆಯಲ್ಲಿ ಎರಡೇ ಸಾಲು. ನ್ಯೂ ಗೇಮ್, ಆಪ್ಷನ್. ಮೇಲೆ ಕಂಟಿನ್ಯೂ ಇರಬೇಕಾದ ಜಾಗದಲ್ಲಿ ಅದು ಇರಲಿಲ್ಲ. ನಾನು ಆಫ್ ಮಾಡಿ, ಕಾರ್ಟ್ರಿಜ್ ತೆಗೆದು, ಮತ್ತೆ ಕೂರಿಸಿ ಆನ್ ಮಾಡಿದೆ. ಮತ್ತೆ ಎರಡೇ ಸಾಲು.

"ಕಂಟಿನ್ಯೂ ಎಲ್ಲಿ?" ಅಂತ ಕೇಳಿದೆ.

"ಹೊಸ ಬ್ಯಾಟರಿ ಅಲ್ವಾ ಸರ್, ಹೊಸದಾಗಿ ಶುರು ಮಾಡಿ."

"ಕಾಪಿ ತೆಗೆದಿದ್ದೀರಲ್ಲ, ಅದನ್ನು ಹಾಕಿ ಕೊಡಿ."

ಅವನು ಒಳಗೆ ಹೋದ. ಗಾಜಿನ ಆಚೆ ಟೆಕ್ನಿಷಿಯನ್ ತಲೆ ಅಲ್ಲಾಡಿಸಿದ್ದು ನನಗೆ ಕಾಣುತ್ತಿತ್ತು. ಆಮೇಲೆ ನೀವು ಬಂದಿರಿ. ನೀಲಿ ಅಂಗಿ, ಕೈಯಲ್ಲಿ ಚಾದ ಲೋಟ. ಮೊದಲು ಕೇಳಿದ್ದು, "ಇದು ನಿಮ್ಮ ಮಕ್ಕಳದ್ದಾ?" ನಾನು "ಅಲ್ಲ, ನನ್ನದು" ಅಂದೆ. ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿದಿರಿ. "ನಿಮ್ಮ ಪ್ರಾಯ ಎಷ್ಟು?" ಅಂತ ಕೇಳಿದಿರಿ. ನಾನು 36 ಅಂತ ಉತ್ತರ ಕೊಟ್ಟೆ. ಯಾಕೆ ಕೊಟ್ಟೆ ಅಂತ ಇವತ್ತಿಗೂ ಗೊತ್ತಾಗುತ್ತಿಲ್ಲ. ಬ್ಯಾಟರಿ ಬದಲಿಸಲು ಕೊಟ್ಟವನ ಪ್ರಾಯ ನಿಮಗೆ ಯಾಕೆ ಬೇಕು? ನಾನು ಜಾಬ್ ಕಾರ್ಡ್ ತೆಗೆದು ಎರಡು ಗೆರೆ ಎಳೆದ ಸಾಲನ್ನು ತೋರಿಸಿದೆ. ನೀವು ಓದಲಿಲ್ಲ. ಅದರ ಮೇಲೆಯೇ ಲೋಟ ಇಟ್ಟಿರಿ. ಆ ಲೋಟದ ಉಂಗುರ ಈಗಲೂ ಆ ಕಾರ್ಡಿನ ಮೇಲಿದೆ.

"ಎಂತ ಮಾರಾಯ್ರೆ, ಇಷ್ಟು ಸಣ್ಣ ವಿಷಯಕ್ಕೆ! ಇದೇ ಗೇಮ್ ಮೊಬೈಲಲ್ಲಿ ಫ್ರೀ ಸಿಗ್ತದೆ. ಕೊಡಿ ನಿಮ್ಮ ಫೋನ್, ನಾನೇ ಹಾಕಿ ಕೊಡ್ತೇನೆ" ಅಂದಿರಿ.

ನನಗೆ ಬೇಕಾದದ್ದು ಇದೇ ಗೇಮ್ ಅಲ್ಲ, ಇದರಲ್ಲಿದ್ದ ನಮ್ಮ ಆಟ ಅಂದೆ. ಆಗ ನೀವು ನನ್ನನ್ನು ಬಿಟ್ಟು ಹಿಂದೆ ನಿಂತಿದ್ದವರ ಕಡೆ ತಿರುಗಿ ಗಟ್ಟಿಯಾಗಿ, "ಇವರ ಪೋಕೆಮಾನ್ ಸತ್ತು ಹೋಯ್ತಂತೆ" ಅಂದಿರಿ.

ಎಲ್ಲರೂ ನಕ್ಕರು. ಅಪ್ಪನ ಜೊತೆ ಬಂದಿದ್ದ ಒಬ್ಬ ಸಣ್ಣ ಹುಡುಗ ಮಾತ್ರ ನಗಲಿಲ್ಲ. ಅವನು ನನ್ನ ಕೈಯಲ್ಲಿದ್ದ ಗೇಮ್ ಬಾಯನ್ನೇ ನೋಡುತ್ತಿದ್ದ. ನನಗೆ ಕಿವಿ ಬಿಸಿಯಾಯಿತು, ಬಾಯಿಂದ ಮಾತು ಹೊರಡಲಿಲ್ಲ. ಬಾಕಿ 700 ರೂಪಾಯಿ ಕೊಡದೆ ವಸ್ತು ಕೊಡುವುದಿಲ್ಲ ಅಂದಿರಿ. ಕೊಟ್ಟೆ. ಬಿಲ್ಲಿನಲ್ಲಿ "ಟಾಯ್ ರಿಪೇರಿ" ಅಂತ ಬರೆದಿರಿ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ತನಕ ಮಳೆಯಲ್ಲಿ ಕೊಡೆ ಬಿಡಿಸದೆ ನಡೆದೆ. ಬಸ್ಸು ಪಡುಬಿದ್ರಿ ದಾಟುವ ತನಕ ಕಾರ್ಟ್ರಿಜ್ ಅಂಗಿಯ ಕಿಸೆಯಲ್ಲೇ ಇತ್ತು, ತೆಗೆದು ನೋಡುವ ಧೈರ್ಯ ಆಗಲಿಲ್ಲ.

ನಿಮ್ಮ ಮಾತಿಗೆ ಅವತ್ತು ಕೊಡಲಾಗದ ಉತ್ತರ ಇಲ್ಲಿ ಕೊಡುತ್ತೇನೆ. ಆ ಆಟದಲ್ಲಿ ಸೋತ ಪೋಕೆಮಾನ್ ಸಾಯುವುದಿಲ್ಲ. ಮೂರ್ಛೆ ಹೋಗುತ್ತದೆ. ಆಟದೊಳಗಿನ ಪೋಕೆಮಾನ್ ಸೆಂಟರಿಗೆ ಕೊಂಡುಹೋದರೆ ಮತ್ತೆ ಏಳುತ್ತದೆ. ಇಪ್ಪತ್ತನಾಲ್ಕು ವರ್ಷ ಆ ಕಾರ್ಟ್ರಿಜ್‌ನಲ್ಲಿ ಯಾರೂ ಸತ್ತಿರಲಿಲ್ಲ.

ಇನ್ನೊಂದು ವಿಷಯ. 1989ರಲ್ಲಿ ಗೇಮ್ ಬಾಯ್‌ಗೆ ಬಂದ ಟೆಟ್ರಿಸ್ ಆಗಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಅದರಲ್ಲಿ ಸ್ಕೋರ್ ಕೂಡ ಉಳಿಯುವುದಿಲ್ಲ, ಸ್ವಿಚ್ ಆಫ್ ಮಾಡಿದರೆ ಮುಗಿಯಿತು. ಸಾಹಸದ ಆಟ, ಪಾತ್ರವಾಗಿ ಆಡುವ ಆಟ ಹಾಗಲ್ಲ. ನಾವು ಮಾಡಿದ್ದನ್ನು ಅವು ನೆನಪಿಟ್ಟುಕೊಳ್ಳುತ್ತವೆ, ಅವು ಇರುವುದೇ ಅದಕ್ಕೆ. ಝೆಲ್ಡಾ ಸರಣಿಯ ಲಿಂಕ್ಸ್ ಅವೇಕನಿಂಗ್ 1993ರದ್ದು. ಅದರಲ್ಲಿ ಅಂಗಡಿಯವನ ಕಣ್ಣು ತಪ್ಪಿಸಿ ಒಂದು ವಸ್ತು ಎತ್ತಿಕೊಂಡು ಹೋದರೆ, ಅಲ್ಲಿಂದ ಮುಂದೆ ನಿಮ್ಮ ಹೆಸರೇ ಕಳ್ಳ ಅಂತ ಆಗುತ್ತದೆ. ಊರವರೆಲ್ಲ ಹಾಗೆಯೇ ಕರೆಯುತ್ತಾರೆ. ಚಿಕ್ಕಂದಿನಲ್ಲಿ ಒಂದೇ ಸಲ ಹಾಗೆ ಮಾಡಿ ನಾನು ಅತ್ತಿದ್ದೇನೆ. ಅದರ ಬಣ್ಣದ ಆವೃತ್ತಿಯೂ ನನ್ನಲ್ಲಿದೆ, ಅದಕ್ಕೂ ಬ್ಯಾಟರಿಯೇ ಆಧಾರ. ಮೊದಲು ಗೋಲ್ಡ್ ಆಗಲಿ, ಆಮೇಲೆ ಅದನ್ನೂ ನಿಮಗೇ ಕೊಡೋಣ ಅಂತಿದ್ದೆ. ದೇವರ ದಯೆ, ಒಟ್ಟಿಗೆ ಕೊಡಲಿಲ್ಲ.

ಮನೆಗೆ ಬಂದ ಮೇಲೆ ಕಾರ್ಟ್ರಿಜ್ ಬಿಚ್ಚಿದೆ. ಅದರ ಸ್ಕ್ರೂಗೆ 3.8 ಮಿಲಿಮೀಟರ್‌ನ ಬೇರೆಯೇ ಡ್ರೈವರ್ ಬೇಕು. ನಿಮ್ಮವರು ಏನೋ ತುರುಕಿ ತಿರುಗಿಸಿದ್ದಾರೆ, ಸ್ಕ್ರೂ ತಲೆ ಸವೆದು ಹೋಗಿದೆ. ಒಳಗೆ ಬ್ಯಾಟರಿಗೆ ಸೋಲ್ಡರ್ ಮಾಡಿಯೇ ಇಲ್ಲ! ಕಪ್ಪು ಟೇಪ್ ಸುತ್ತಿ ಒತ್ತಿ ಇಟ್ಟಿದ್ದಾರೆ. ಬೆರಳಿನಿಂದ ಮುಟ್ಟಿದರೆ ಅಲ್ಲಾಡುತ್ತದೆ. ಅಂದರೆ ನಿಮ್ಮ ಮಾತು ಕೇಳಿ ಹೊಸದಾಗಿ ಶುರು ಮಾಡಿದ್ದರೂ ಆ ಆಟವೂ ಒಂದು ದಿನ ಹಾಗೆಯೇ ಹೋಗುತ್ತಿತ್ತು. ಹಳೇ ಬ್ಯಾಟರಿಯನ್ನೂ ಕೊಟ್ಟಿಲ್ಲ. ಎಲ್ಲದರ ಫೋಟೋ ಇದರ ಜೊತೆ ಇಟ್ಟಿದ್ದೇನೆ. ಜಾಬ್ ಕಾರ್ಡ್‌ನ ಎರಡೂ ಬದಿಯ ನಕಲು, ಬಿಲ್ಲಿನ ನಕಲು, ಐದು ಫೋನ್ ಕರೆಯ ದಿನ ಮತ್ತು ಸಮಯವೂ ಇವೆ.

1,200 ರೂಪಾಯಿ ವಾಪಸ್ ಕೊಡಿ, ತಪ್ಪಾಯಿತು ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಹಾಕಿ ಕಳುಹಿಸಿ. ಈ ಪತ್ರ ತಲುಪಿದ 15 ದಿನದೊಳಗೆ. ಕೇಳುವುದು ಅಷ್ಟೇ. ಆಟವನ್ನು ಕೇಳುತ್ತಿಲ್ಲ, ಅದನ್ನು ನೀವು ಕೊಡಲಾರಿರಿ.

ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಸುಮ್ಮನೆ ಕೂರುವವನಲ್ಲ ನಾನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿಗೆ ಅಲೆಯಬೇಕಾಗಿಲ್ಲ, ಉಡುಪಿಯ ಗ್ರಾಹಕ ಆಯೋಗಕ್ಕೆ ನೀವೇ ಬರಬೇಕಾಗುತ್ತದೆ. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಎರಡು ವರ್ಷದ ಅವಧಿ ಉಂಟು, ನನಗೆ ಎರಡು ವಾರ ಸಾಕು. ವಕೀಲರೂ ಬೇಡ, ನಾನೇ ನಿಂತು ಹೇಳುತ್ತೇನೆ. ಲೋಟದ ಉಂಗುರ ಇರುವ ಜಾಬ್ ಕಾರ್ಡನ್ನೇ ಮೇಜಿನ ಮೇಲೆ ಇಡುತ್ತೇನೆ. 80 ರೂಪಾಯಿಗೆ ಈ ಕೆಲಸ ಸರಿಯಾಗಿ ಮಾಡಿಕೊಟ್ಟ ರೇಡಿಯೋದವರು ಬಂದು ಸಾಕ್ಷಿ ಹೇಳುತ್ತೇನೆ ಅಂದಿದ್ದಾರೆ. ಕಣ್ಣು ಮಂಜಾದರೂ ಬರುತ್ತಾರೆ.

ಅಕ್ಕನಿಗೆ ನಾನಿನ್ನೂ ಹೇಳಿಲ್ಲ. ಅಷ್ಟಮಿಗೆ ಊರಿಗೆ ಬರುತ್ತಾಳೆ. ಅಷ್ಟಮಿಯ ಮಾರನೆಯ ದಿನದ ವಿಟ್ಲಪಿಂಡಿ ಉತ್ಸವ ಮುಗಿದ ಮರುದಿನ ಅವಳನ್ನು ಕರೆದುಕೊಂಡು ನಿಮ್ಮ ಕೌಂಟರಿಗೆ ಬರುತ್ತೇನೆ. ಬೆಳಿಗ್ಗೆ ಜನ ಜಾಸ್ತಿ ಇರುವ ಹೊತ್ತಿಗೇ ಬರುತ್ತೇನೆ. ಅವಳು "ದೋಣಿ ಉಂಟಲ್ವಾ?" ಅಂತ ಕೇಳುತ್ತಾಳೆ. ಅವತ್ತು ಎಲ್ಲರ ಎದುರು ನನಗೆ ಹೇಳಿದ ಹಾಗೆಯೇ, ಎಲ್ಲರ ಎದುರು, ಅಷ್ಟೇ ಗಟ್ಟಿಯಾಗಿ, ಅವಳಿಗೆ ನೀವೇ ಉತ್ತರ ಕೊಡಬೇಕು.

ಇಂತಿ,
ನಿಮ್ಮಲ್ಲಿ ಕಾರ್ಟ್ರಿಜ್ ಕೊಟ್ಟ ಗ್ರಾಹಕ